ಇಟ್ಟಿಗೆ ಎಸೆದವನು, ಆದೇಶ ಮಡಚಿಟ್ಟವನು

(ಕಾನೂನು ವಿದ್ಯಾರ್ಥಿಗಳು ಮತ್ತು ಕಿರಿಯ ವಕೀಲರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಬಾಯಿಗೆ ಬಂದ ಅಡ್ಡಮಾತುಗಳಲ್ಲಿ ಕೆಲವನ್ನು ತೆಗೆದಿದ್ದೇನೆ, ಕೆಲವನ್ನು ಬೇಕೆಂದೇ ಉಳಿಸಿಕೊಂಡಿದ್ದೇನೆ.)

1631ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿ ಎಂಬ ಊರಿನಲ್ಲಿ ಮುಖ್ಯ ನ್ಯಾಯಮೂರ್ತಿ ರಿಚರ್ಡ್‌ಸನ್ ಒಬ್ಬ ಕೈದಿಗೆ ಶಿಕ್ಷೆ ವಿಧಿಸಿದರು. ಸಿಟ್ಟಿಗೆದ್ದ ಕೈದಿ ಕೈಗೆ ಸಿಕ್ಕ ಇಟ್ಟಿಗೆ ಚೂರನ್ನು ಅವರತ್ತ ಎಸೆದ. ಅದು ಕೂದಲೆಳೆಯಲ್ಲಿ ಗುರಿ ತಪ್ಪಿತು. ಆಮೇಲೆ ನಡೆದದ್ದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಲ್ಲೇ ಆರೋಪಪಟ್ಟಿ ಬರೆದರು, ಅವನ ಬಲಗೈ ಕತ್ತರಿಸಿ ಗಲ್ಲುಗಂಬಕ್ಕೆ ಹೊಡೆದರು, ನ್ಯಾಯಾಲಯದ ಎದುರಿನಲ್ಲೇ ಅವನನ್ನು ನೇಣಿಗೆ ಹಾಕಿದರು. ಇದನ್ನು ದಾಖಲಿಸಿದ ವರದಿಗಾರ ಆ ಕಾಲದ ಕಾನೂನು ಫ್ರೆಂಚಿನಲ್ಲಿ ಬರೆಯುತ್ತಾ ಬಂದು, ‘ಇಟ್ಟಿಗೆ ಚೂರು’ ಎಂಬಲ್ಲಿ ಫ್ರೆಂಚ್ ಕೈಕೊಟ್ಟಾಗ ಇಂಗ್ಲಿಷ್ ಪದವನ್ನೇ ತುರುಕಿ ಮುಂದೆ ಹೋಗಿದ್ದಾನೆ. ನಮ್ಮ ಪಂಚನಾಮೆಗಳನ್ನು ಓದಿದವರಿಗೆ ಈ ಬಗೆಯ ಭಾಷೆ ಹೊಸದೇನಲ್ಲ.

2025ರ ಅಕ್ಟೋಬರ್ 6ರಂದು ನಮ್ಮ ಸುಪ್ರೀಂ ಕೋರ್ಟಿನ ಒಂದನೇ ಕೊಠಡಿಯಲ್ಲಿ ವಕೀಲರೊಬ್ಬರು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರತ್ತ ಶೂ ಎಸೆಯಲು ಹೋದರು. ಗವಾಯಿಯವರು ವಾದ ಮುಂದುವರಿಸುವಂತೆ ಹೇಳಿ ಮುಂದಿನ ಪ್ರಕರಣಕ್ಕೆ ಹೋದರು. ಅವರ ಕಡೆಯಿಂದ ದೂರೂ ಇರಲಿಲ್ಲ, ಶಿಕ್ಷೆಯೂ ಇರಲಿಲ್ಲ.

ಇವೆರಡರ ನಡುವೆ ಹತ್ತಿರಹತ್ತಿರ 400 ವರ್ಷ ಸಂದಿವೆ. ಎರಡರಲ್ಲಿ ಯಾವ ಪೀಠದ ಘನತೆ ಹೆಚ್ಚಿತು ಎಂದು ನಿಮ್ಮನ್ನು ಕೇಳಿದರೆ ಉತ್ತರ ಸುಲಭ. ಕಷ್ಟವಿರುವುದು ನಡುವಿನ ದಾರಿಯಲ್ಲಿ. ಈವತ್ತು ಮಾತನಾಡಬೇಕೆಂದಿರುವುದು ಆ ದಾರಿಯ ಬಗ್ಗೆ.

ಮೊದಲು ಒಂದು ಪದದ ತಕರಾರು. ಇಂಗ್ಲಿಷಿನ ‘ಕಂಟೆಂಪ್ಟ್ ಆಫ್ ಕೋರ್ಟ್’ ಅನ್ನು ಕನ್ನಡದಲ್ಲಿ ನಾವು ‘ನ್ಯಾಯಾಂಗ ನಿಂದನೆ’ ಎನ್ನುತ್ತೇವೆ. ನಿಂದನೆ ಎಂದರೆ ಬೈಗುಳ, ನಾಲಿಗೆಯ ಕೆಲಸ. ಆದರೆ 1971ರ ಕಾಯ್ದೆಯಲ್ಲಿ ಎರಡು ಬಗೆಯ ತಪ್ಪುಗಳಿವೆ. ನ್ಯಾಯಾಲಯದ ಆದೇಶವನ್ನು ಬೇಕೆಂದೇ ಪಾಲಿಸದಿರುವುದು, ಕೊಟ್ಟ ಮುಚ್ಚಳಿಕೆಯನ್ನು ಮುರಿಯುವುದು ಒಂದು, ಇದು ಸಿವಿಲ್. ನ್ಯಾಯಾಲಯದ ಹೆಸರಿಗೆ ಮಸಿ ಬಳಿಯುವ ಮಾತು, ವಿಚಾರಣೆಗೆ ಅಡ್ಡಿಪಡಿಸುವ ಕೃತ್ಯ ಇನ್ನೊಂದು, ಇದು ಕ್ರಿಮಿನಲ್. ಮೊದಲನೆಯದರಲ್ಲಿ ಬೈಗುಳವೇ ಇಲ್ಲ. ಅಲ್ಲಿ ತಪ್ಪಿತಸ್ಥ ಕೈಮುಗಿದು, ಬಾಗಿ, ‘ಮೈಲಾರ್ಡ್’ ಎಂದು ನೂರು ಬಾರಿ ಹೇಳಿರುತ್ತಾನೆ. ಆದೇಶವನ್ನು ಮಾತ್ರ ಮಡಚಿ ಕಡತದೊಳಗೆ ಇಟ್ಟಿರುತ್ತಾನೆ. ಇದಕ್ಕೆ ‘ಅವಜ್ಞೆ’ ಎಂಬ ಒಳ್ಳೆಯ ಪದ ನಮ್ಮಲ್ಲೇ ಇತ್ತು. ನಾವು ‘ನಿಂದನೆ’ಯನ್ನು ಆರಿಸಿಕೊಂಡೆವು. ಆರಿಸಿಕೊಂಡ ಮೇಲೆ ನಮ್ಮ ಕಣ್ಣು ಯಾವಾಗಲೂ ನಾಲಿಗೆಯ ಮೇಲೆಯೇ ಇರುತ್ತದೆ, ಕಡತದ ಕಡೆಗೆ ಹೊರಳುವುದಿಲ್ಲ. ದೇವರನ್ನೇ ಮುಖಾಮುಖಿ ನಿಲ್ಲಿಸಿಕೊಂಡು ನಿಂದಾಸ್ತುತಿ ಹಾಡಿದ ದಾಸರ ನಾಡಿನವರು ನಾವು. ಬೈಗುಳಕ್ಕೆ ಇಷ್ಟೊಂದು ಬೆಚ್ಚಬೇಕಾದವರಲ್ಲ.

ಮಾತಿಗೆ ಶಿಕ್ಷೆ ಕೊಡುವ ಈ ಅಧಿಕಾರ ಹುಟ್ಟಿದ ಕಥೆ ನ್ಯಾಯಾಲಯಕ್ಕೆ ಅಷ್ಟೇನೂ ಗೌರವ ತರುವಂಥದ್ದಲ್ಲ. 1760ರ ದಶಕದಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ಆಲ್ಮನ್ ಒಂದು ಕಿರುಪುಸ್ತಿಕೆ ಮಾರಿದ. ಸರ್ಕಾರವನ್ನು ಕಟುವಾಗಿ ಟೀಕಿಸುತ್ತಿದ್ದ ರಾಜಕಾರಣಿ ಜಾನ್ ವಿಲ್ಕ್ಸ್ ವಿರುದ್ಧದ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಮ್ಯಾನ್ಸ್‌ಫೀಲ್ಡ್ ಅವರು ವಿಚಾರಣೆಯ ಹಿಂದಿನ ದಿನ ದಾಖಲೆಯನ್ನು ತಿದ್ದಲು ಅವಕಾಶ ಕೊಟ್ಟರು, ಅದು ತಪ್ಪು ಎಂಬುದು ಪುಸ್ತಿಕೆಯ ವಾದಗಳಲ್ಲಿ ಒಂದು. ಆಲ್ಮನ್ ಮೇಲೆ ನಡಾವಳಿ ಶುರುವಾಯಿತು. ನ್ಯಾಯಮೂರ್ತಿ ವಿಲ್ಮಟ್ 1765ರಲ್ಲಿ ಉದ್ದನೆಯ ತೀರ್ಪು ಬರೆದಿಟ್ಟರು. ನ್ಯಾಯಾಲಯದ ಮೇಲಿನ ಟೀಕೆ ಜನರ ಮನಸ್ಸಿನಲ್ಲಿ ನ್ಯಾಯದ ಬಗೆಗಿನ ನಂಬಿಕೆಯನ್ನೇ ಅಲುಗಿಸುತ್ತದೆ, ಆದ್ದರಿಂದ ಜ್ಯೂರಿಯ ಗೊಡವೆಯಿಲ್ಲದೆ ನ್ಯಾಯಾಧೀಶರೇ ನೇರವಾಗಿ ಶಿಕ್ಷಿಸಬಹುದು ಎಂಬುದು ಅದರ ಸಾರ. ಆದರೆ ಕಾಗದಪತ್ರದಲ್ಲಿ ಆಲ್ಮನ್ ಹೆಸರಿರಬೇಕಾದ ಕಡೆ ಯಾರೋ ವಿಲ್ಕ್ಸ್ ಹೆಸರು ಬರೆದುಬಿಟ್ಟಿದ್ದರು. ತಿದ್ದುಪಡಿಗೆ ಒಪ್ಪಿ ಎಂದು ಆಲ್ಮನ್‌ನ ವಕೀಲರನ್ನು ಕೇಳಿದರು. ದಾಖಲೆ ತಿದ್ದಿದ್ದನ್ನು ಟೀಕಿಸಿದವನ ಮೇಲಿನ ಪ್ರಕರಣ ಉಳಿಯಬೇಕಾದರೆ ದಾಖಲೆ ತಿದ್ದಬೇಕು! ವಕೀಲರು ಒಪ್ಪಲಿಲ್ಲ. ಪ್ರಕರಣ ಬಿದ್ದುಹೋಯಿತು, ತೀರ್ಪು ಓದಲ್ಪಡಲೇ ಇಲ್ಲ. 1802ರಲ್ಲಿ ವಿಲ್ಮಟ್ ಅವರ ಮಗ ತಂದೆಯ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದಾಗ ಅದು ಹೊರಬಂತು. ಯಾವ ಪೀಠದಿಂದಲೂ ಪ್ರಕಟವಾಗದ ಆ ಬರಹವನ್ನು ಆಮೇಲೆ ನ್ಯಾಯಾಲಯಗಳು ಆಧಾರವೆಂದು ಹಿಡಿದವು. ನೀವು ಓದದೇ ಬಿಟ್ಟ ಆದೇಶವನ್ನು ಜಾರಿ ಮಾಡಿ ಎಂದು ಯಾವ ಮುನ್ಸಿಫರ ಮುಂದಾದರೂ ಕೇಳಿ ನೋಡಿ, ಏನು ಹೇಳುತ್ತಾರೆ?

ಮುಂದಿನ ನಿಲ್ದಾಣ 1899. ವೆಸ್ಟ್ ಇಂಡೀಸಿನ ಸೇಂಟ್ ವಿನ್ಸೆಂಟ್ ದ್ವೀಪದಿಂದ ಒಂದು ಮೇಲ್ಮನವಿ, ವಸಾಹತುಗಳಿಗೆಲ್ಲ ಕೊನೆಯ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಬಂತು. ತಾನೇ ಓದಿರದ ಒಂದು ಪತ್ರಿಕೆಯ ಪ್ರತಿಯನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದಕ್ಕೆ ಮೆಕ್ಲಿಯಡ್ ಎಂಬಾತನನ್ನು ಅಲ್ಲಿನ ನ್ಯಾಯಾಧೀಶರು ಜೈಲಿಗೆ ಕಳಿಸಿದ್ದರು. ಪ್ರಿವಿ ಕೌನ್ಸಿಲ್ ಅವನ ಪರವಾಗಿ ತೀರ್ಪು ಕೊಟ್ಟಿತು. ಜೊತೆಗೆ ಲಾರ್ಡ್ ಮಾರಿಸ್ ಒಂದು ಮಾತು ಸೇರಿಸಿದರು: ನ್ಯಾಯಾಲಯವನ್ನು ಹೀಗಳೆದದ್ದಕ್ಕೆ ಶಿಕ್ಷಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಬಳಕೆ ತಪ್ಪಿದೆ, ಆದರೆ ಬಹುಪಾಲು ಕರಿಯ ಜನರಿರುವ ಸಣ್ಣ ವಸಾಹತುಗಳಲ್ಲಿ ಅದು ಅತ್ಯಗತ್ಯವಾಗಬಹುದು. ನಾನು ವಿದ್ಯಾರ್ಥಿಯಾಗಿದ್ದಾಗ ಈ ಸಾಲನ್ನು ಮೂರು ಸಲ ಓದಿದೆ, ಕಣ್ಣು ತಪ್ಪು ಓದುತ್ತಿದೆಯೇನೋ ಎಂದು. ಬಿಳಿಯರು ನ್ಯಾಯಾಧೀಶರನ್ನು ಬೈದರೆ ತಡೆದುಕೊಳ್ಳಬಹುದು, ನಮ್ಮಂಥವರು ಬೈದರೆ ರಾಜ್ಯವೇ ಕುಸಿಯುತ್ತದೆ! ಮರುವರ್ಷವೇ ಬರ್ಮಿಂಗ್‌ಹ್ಯಾಮಿನ ಸಂಪಾದಕ ಗ್ರೇ ಎಂಬಾತ ನ್ಯಾಯಮೂರ್ತಿ ಡಾರ್ಲಿಂಗ್ ಅವರನ್ನು ಕುದುರೆ ಕೂದಲಿನ ಟೋಪನ್ ಹಾಕಿಕೊಂಡ ಉದ್ಧಟ ಕುಳ್ಳ ಎಂಬರ್ಥದಲ್ಲಿ ಜರೆದು 100 ಪೌಂಡ್ ದಂಡ ಕಟ್ಟಿದ. ಅಂದರೆ ಬಳಕೆ ಪೂರ್ತಿಯಾಗಿ ತಪ್ಪಿರಲಿಲ್ಲ. ಡಾರ್ಲಿಂಗ್ ಅವರಿಗೆ ನೋವಾಗಿತ್ತು.

ಅದಕ್ಕೂ ಮೊದಲೇ ನಮ್ಮ ನೆಲದಲ್ಲಿ ಈ ಕಾನೂನಿನ ರುಚಿ ಕಂಡವರು ಸುರೇಂದ್ರನಾಥ ಬ್ಯಾನರ್ಜಿ. 1883ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ನಾರಿಸ್ ಒಂದು ಮೊಕದ್ದಮೆಯಲ್ಲಿ ಮನೆದೇವರ ಸಾಲಿಗ್ರಾಮವನ್ನು ಕೋರ್ಟಿಗೆ ತರಿಸಿ ನೋಡಿದರು ಎಂಬ ಸುದ್ದಿ ಬಂತು. ಸುರೇಂದ್ರನಾಥರು ತಮ್ಮ ‘ಬೆಂಗಾಲಿ’ ಪತ್ರಿಕೆಯಲ್ಲಿ ಕಿಡಿಕಾರಿ, ನಾರಿಸರನ್ನು ಇಂಗ್ಲೆಂಡಿನ ಕುಖ್ಯಾತ ನ್ಯಾಯಾಧೀಶ ಜೆಫ್ರೀಸ್‌ಗೆ ಹೋಲಿಸುವ ಮಟ್ಟಕ್ಕೆ ಹೋದರು. ಸುದ್ದಿ ಪೂರ್ತಿ ಸರಿಯಾಗಿರಲಿಲ್ಲ. ಸುರೇಂದ್ರನಾಥರು ವಿಷಾದವನ್ನೂ ಸೂಚಿಸಿದರು. ಆದರೂ ಎರಡು ತಿಂಗಳ ಸಜೆಯಾಯಿತು. ಪೀಠದಲ್ಲಿದ್ದ ಭಾರತೀಯ ನ್ಯಾಯಮೂರ್ತಿ ರಮೇಶಚಂದ್ರ ಮಿತ್ರರು ಮಾತ್ರ ಶಿಕ್ಷೆಯ ಪ್ರಮಾಣಕ್ಕೆ ಒಪ್ಪಲಿಲ್ಲ. ಜೈಲಿಗೆ ಹೋಗುವಾಗ ಒಬ್ಬ ಸಂಪಾದಕರಾಗಿದ್ದವರು ಹೊರಬರುವಾಗ ದೇಶನಾಯಕರಾಗಿದ್ದರು. ಗೌರವವನ್ನು ಕಾಪಾಡಲು ಕೊಟ್ಟ ಶಿಕ್ಷೆ ಆ ಗೌರವವನ್ನು ಹೊತ್ತುಕೊಂಡು ಹೋಗಿ ಎದುರಾಳಿಯ ಮನೆಗೆ ಇಳಿಸಿ ಬಂತು.

ಗಾಂಧಿಯವರ ಪ್ರಸಂಗ ನಿಮಗೆ ಗೊತ್ತಿರಬಹುದು. ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಹಾಕಿದ ವಕೀಲರ ಬಗ್ಗೆ ಅಹಮದಾಬಾದಿನ ಜಿಲ್ಲಾ ನ್ಯಾಯಾಧೀಶ ಕೆನಡಿ ಅವರು ಬಾಂಬೆ ಹೈಕೋರ್ಟಿಗೆ ಬರೆದ ಪತ್ರವನ್ನು ಗಾಂಧಿ 1919ರ ಆಗಸ್ಟಿನಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಟೀಕೆಯೊಂದಿಗೆ ಪ್ರಕಟಿಸಿದರು. ಪ್ರಕಾಶಕರಾಗಿದ್ದ ಮಹಾದೇವ ದೇಸಾಯಿ ಅವರೂ ಪ್ರತಿವಾದಿ. ಕ್ಷಮೆ ಕೇಳಿ ಎಂದರೆ ಗಾಂಧಿ ಕೇಳಲಿಲ್ಲ. ಪಶ್ಚಾತ್ತಾಪವಿಲ್ಲದ ಕ್ಷಮೆ ಸುಳ್ಳಾಗುತ್ತದೆ ಎಂಬುದು ಅವರ ನಿಲುವು. 1920ರ ಮಾರ್ಚಿನಲ್ಲಿ ಹೈಕೋರ್ಟ್ ಇಬ್ಬರಿಗೂ ಛೀಮಾರಿ ಹಾಕಿ, ಮುಂದೆ ಹೀಗೆ ಮಾಡಬೇಡಿ ಎಂದು ಎಚ್ಚರಿಸಿ ಬಿಟ್ಟಿತು. ಕಲ್ಕತ್ತಾದ ಪಾಠವನ್ನು ಬಾಂಬೆ ಕಲಿತಿತ್ತು ಎಂದೇ ನನ್ನ ಊಹೆ.

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. 129 ಮತ್ತು 215ನೇ ವಿಧಿಗಳು ಸುಪ್ರೀಂ ಕೋರ್ಟಿಗೂ ಹೈಕೋರ್ಟುಗಳಿಗೂ ಈ ಅಧಿಕಾರ ಕೊಟ್ಟವು, 19ನೇ ವಿಧಿ ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳಲ್ಲಿ ಇದನ್ನೂ ಸೇರಿಸಿತು. ಶಿಕ್ಷೆಯ ಅಳತೆಯನ್ನು ಗಮನಿಸಿ: ಹೆಚ್ಚೆಂದರೆ 6 ತಿಂಗಳ ಸಾದಾ ಸಜೆ, 2000 ರೂಪಾಯಿ ದಂಡ. ಈ ಅಂಕಿಗಳು 1971ರವಲ್ಲ, 1926ರ ಬ್ರಿಟಿಷ್ ಕಾಯ್ದೆಯವು. 1926ರ 2000 ರೂಪಾಯಿ ಎಂದರೆ ಒಂದು ಸಂಸಾರವನ್ನು ವರ್ಷಗಟ್ಟಲೆ ಸಾಕುವ ಮೊತ್ತ. ಈವತ್ತು ಹೈಕೋರ್ಟಿಗೆ ಬಂದುಹೋಗುವ ಇಬ್ಬರ ಊಟ, ಬಸ್ಸು, ಜೆರಾಕ್ಸಿಗೇ ಅದು ಸಾಲದು. ಸತ್ಯ ಹೇಳಿದ್ದೇನೆ ಎಂಬುದೂ ಒಂದು ಸಮರ್ಥನೆಯಾಗಬಹುದು ಎಂದು ಕಾಯ್ದೆಯಲ್ಲಿ ಬರೆಯಲು 2006ರವರೆಗೆ ಕಾಯಬೇಕಾಯಿತು. ಅದೂ ಸಾರ್ವಜನಿಕ ಹಿತಕ್ಕಾಗಿ, ಸದುದ್ದೇಶದಿಂದ ಹೇಳಿದ್ದರೆ ಮಾತ್ರ. ಅದಕ್ಕೂ ಮೊದಲು ನೀವು ನಿಜ ಹೇಳಿದ್ದೀರಿ ಎಂಬುದು ನಿಮ್ಮನ್ನು ಕಾಪಾಡುತ್ತದೆ ಎಂಬ ಖಾತರಿಯೇ ಇರಲಿಲ್ಲ.

ಮಾತಿಗೆ ಶಿಕ್ಷೆ ಕೊಡುವುದರಲ್ಲಿ ಅಳತೆಗೋಲು ಹೇಗೆ ಜಾರುತ್ತದೆ ಎನ್ನುವುದಕ್ಕೆ ನಾನು ಯಾವಾಗಲೂ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಡುತ್ತೇನೆ. 1967ರ ನವೆಂಬರಿನಲ್ಲಿ ಕೇರಳದ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಪತ್ರಿಕಾಗೋಷ್ಠಿಯಲ್ಲಿ ಮಾರ್ಕ್ಸ್‌ವಾದದ ದೃಷ್ಟಿಯಿಂದ ನ್ಯಾಯಾಂಗದ ಬಗ್ಗೆ ಮಾತನಾಡಿದರು. ಒಂದು ಕಡೆ ಒಳ್ಳೆಯ ಬಟ್ಟೆ ತೊಟ್ಟ ಬೊಜ್ಜು ಹೊಟ್ಟೆಯ ಶ್ರೀಮಂತ, ಇನ್ನೊಂದು ಕಡೆ ಹರಕು ಬಟ್ಟೆಯ ಅನಕ್ಷರಸ್ಥ ಬಡವ, ಸಾಕ್ಷ್ಯ ಎರಡೂ ಕಡೆ ಸಮ. ಆಗ ನ್ಯಾಯಾಧೀಶರ ಮನಸ್ಸು ತಾನಾಗಿಯೇ ಶ್ರೀಮಂತನ ಕಡೆ ವಾಲುತ್ತದೆ ಎಂಬ ಅರ್ಥದ ಮಾತು ಅದು. ಕೇರಳ ಹೈಕೋರ್ಟ್ ಬಹುಮತದಿಂದ 1000 ರೂಪಾಯಿ ದಂಡ ಹಾಕಿತು, ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಭಿನ್ನ ತೀರ್ಪು ಬರೆದರು. ಸುಪ್ರೀಂ ಕೋರ್ಟಿನಲ್ಲಿ ನಂಬೂದಿರಿಪಾಡರ ಪರ ವಿ.ಕೆ. ಕೃಷ್ಣ ಮೆನನ್ ವಾದಿಸಿದರು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ತಪ್ಪಿತಸ್ಥರೆಂಬ ತೀರ್ಮಾನವನ್ನು ಎತ್ತಿಹಿಡಿದು ದಂಡವನ್ನು 50 ರೂಪಾಯಿಗೆ ಇಳಿಸಿದರು. ಅಷ್ಟಕ್ಕೇ ಬಿಡದೆ, ನಂಬೂದಿರಿಪಾಡರು ಮಾರ್ಕ್ಸ್‌ನನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ ಎಂದೂ ತೀರ್ಪಿನಲ್ಲಿ ಬರೆದರು. (ಸಭೆಯಲ್ಲಿ ನಗು.) ನಗಬೇಡಿ, ಅದು ಇಂದಿಗೂ ತೀರ್ಪು ಸಂಪುಟಗಳಲ್ಲಿದೆ.

ಇನ್ನೊಂದು ಪ್ರಕರಣ ಪಿ. ಶಿವಶಂಕರ್ ಅವರದು. ಅವರು ಹಿಂದೆ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದವರು, ಆಮೇಲೆ ಕೇಂದ್ರ ಸಚಿವರಾದವರು. 1987ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ಮಾತನಾಡುತ್ತಾ, ವಿದೇಶಿ ವಿನಿಮಯದ ಕಾನೂನು ಮುರಿದವರು, ಸೊಸೆಯನ್ನು ಸುಟ್ಟವರು, ಪ್ರತಿಗಾಮಿಗಳ ದಂಡು, ಎಲ್ಲರಿಗೂ ಸುಪ್ರೀಂ ಕೋರ್ಟ್ ಆಶ್ರಯತಾಣವಾಗಿದೆ ಎಂದರು. ಮಾತಿನ ಖಾರದಲ್ಲಿ ಇದು ನಂಬೂದಿರಿಪಾಡರದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. 1988ರಲ್ಲಿ ನ್ಯಾಯಮೂರ್ತಿ ಸವ್ಯಸಾಚಿ ಮುಖರ್ಜಿಯವರ ಪೀಠ, ಭಾಷೆ ಸ್ವಲ್ಪ ಹದವಾಗಿರಬಹುದಿತ್ತು, ಆದರೆ ನಿಂದನೆಯಲ್ಲ ಎಂದಿತು. ಈ ಎರಡನೆಯ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದು ಸರಿಯಾದರೆ ಮೊದಲನೆಯದು ತಪ್ಪು. ಕಮ್ಯುನಿಸ್ಟ್ ಮುಖ್ಯಮಂತ್ರಿಗೆ ಒಂದು ತಕ್ಕಡಿ, ಮಾಜಿ ನ್ಯಾಯಮೂರ್ತಿಗೆ ಒಂದು ತಕ್ಕಡಿ ಎಂದು ಯಾರಾದರೂ ಕೇಳಿದರೆ ನಂಬೂದಿರಿಪಾಡರ ಮೂಲ ಮಾತೇ ಮತ್ತೆ ಎದ್ದು ನಿಲ್ಲುತ್ತದೆ.

ಮುಂದಿನವು ನಿಮ್ಮ ಕಾಲದವು. 2002ರಲ್ಲಿ ಅರುಂಧತಿ ರಾಯ್ ಅವರಿಗೆ ಒಂದು ದಿನದ ಸಜೆ, 2000 ರೂಪಾಯಿ ದಂಡ. 2020ರಲ್ಲಿ ಪ್ರಶಾಂತ್ ಭೂಷಣ್ ಅವರ ಎರಡು ಟ್ವೀಟ್‌ಗಳಿಗೆ 108 ಪುಟಗಳ ತೀರ್ಪು, ಒಂದು ರೂಪಾಯಿ ದಂಡ. ಕಟ್ಟದಿದ್ದರೆ 3 ತಿಂಗಳು ಜೈಲು, 3 ವರ್ಷ ವಕೀಲಿಕೆ ಬಂದ್. ಅವರು ಕಟ್ಟಿದರು. ಅತ್ತ ಇಂಗ್ಲೆಂಡಿನಲ್ಲಿ 1987ರಲ್ಲೇ ಒಂದು ಪತ್ರಿಕೆ, ಅಲ್ಲಿನ ಅತ್ಯುನ್ನತ ನ್ಯಾಯಾಧೀಶರಾಗಿದ್ದ ಲಾ ಲಾರ್ಡ್‌ಗಳ ಫೋಟೋಗಳನ್ನು ತಲೆಕೆಳಗಾಗಿ ಅಚ್ಚು ಮಾಡಿ ‘ಮೂರ್ಖರೇ’ ಎಂದು ದೊಡ್ಡಕ್ಷರದಲ್ಲಿ ಬರೆದಿತ್ತು. ಯಾರೂ ನೋಟಿಸ್ ಕೊಡಲಿಲ್ಲ. 2013ರಲ್ಲಿ ಅವರು ಆ ಅಪರಾಧವನ್ನೇ ಕಾನೂನಿನಿಂದ ತೆಗೆದುಹಾಕಿದರು. ವಸಾಹತಿಗೆ ಬೇಕು ಎಂದು ಅವರು ಬಿಟ್ಟುಹೋದದ್ದನ್ನು ನಾವು ತೊಳೆದು ಒರೆಸಿ ಇಟ್ಟುಕೊಂಡಿದ್ದೇವೆ.

ನ್ಯಾಯಾಲಯಕ್ಕೆ ಮಾತ್ರ ಈ ಸಿಟ್ಟು ಎಂದುಕೊಳ್ಳಬೇಡಿ. ಶಾಸನಸಭೆಗಳಿಗೂ ಹಕ್ಕುಚ್ಯುತಿ ಎಂಬ ಅಸ್ತ್ರವಿದೆ. 1964ರಲ್ಲಿ ಗೋರಖಪುರದ ಕೇಶವ ಸಿಂಗ್ ಎಂಬ ಸಮಾಜವಾದಿ ಕಾರ್ಯಕರ್ತ ಒಬ್ಬ ಶಾಸಕರ ವಿರುದ್ಧ ಕರಪತ್ರ ಹಂಚಿದ್ದಕ್ಕೆ ಛೀಮಾರಿ ಹಾಕಲು ಉತ್ತರ ಪ್ರದೇಶದ ವಿಧಾನಸಭೆ ಅವನನ್ನು ಎಳೆತರಿಸಿತು. ಅವನು ಸ್ಪೀಕರ್‌ಗೆ ಬೆನ್ನು ತಿರುಗಿಸಿ ನಿಂತ. ಹೆಸರು ಕೇಳಿದರೂ ಬಾಯಿ ಬಿಡಲಿಲ್ಲ. ಆ ಬೆನ್ನಿಗೆ 7 ದಿನಗಳ ಜೈಲು. ಅವನ ಪರ ವಕೀಲ ಸೋಲೊಮನ್ ಹೈಕೋರ್ಟಿಗೆ ಹೋದರು, ಇಬ್ಬರು ನ್ಯಾಯಮೂರ್ತಿಗಳು ಜಾಮೀನು ಕೊಟ್ಟರು. ಇದು ತನಗಾದ ಅವಮಾನ ಎಂದು ಸಭೆ, ವಕೀಲರ ಜೊತೆಗೆ ಆ ಇಬ್ಬರು ನ್ಯಾಯಮೂರ್ತಿಗಳನ್ನೂ ಬಂಧಿಸಿ ತನ್ನ ಮುಂದೆ ತರಬೇಕೆಂದು ಠರಾವು ಮಾಡಿತು. ಉಳಿದ 28 ನ್ಯಾಯಮೂರ್ತಿಗಳು ಒಟ್ಟಿಗೆ ಕುಳಿತು ಅದಕ್ಕೆ ತಡೆ ಕೊಟ್ಟರು. ಕೊನೆಗೆ ರಾಷ್ಟ್ರಪತಿಯವರು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಬೇಕಾಯಿತು. ಒಬ್ಬ ಮನುಷ್ಯ ಯಾವ ಕಡೆ ಮುಖ ಮಾಡಿ ನಿಂತ ಎಂಬುದರಿಂದ ಸಂವಿಧಾನದ ಎರಡು ಅಂಗಗಳು ಒಂದನ್ನೊಂದು ಜೈಲಿಗೆ ಹಾಕುವ ಹಂತಕ್ಕೆ ಬಂದವು. ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. 2017ರ ಜೂನ್‌ನಲ್ಲಿ, ಶಾಸಕರ ಬಗ್ಗೆ ಬರೆದದ್ದಕ್ಕೆ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷ ಜೈಲು ಮತ್ತು ತಲಾ 10,000 ರೂಪಾಯಿ ದಂಡ ಎಂದು ವಿಧಾನಸಭೆಯಲ್ಲಿ ಸ್ಪೀಕರ್ ಘೋಷಿಸಿದ್ದು ನಿಮಗೆ ನೆನಪಿರಬೇಕು. ದೂರುದಾರರೂ ಅವರೇ, ತೀರ್ಪುಗಾರರೂ ಅವರೇ.

ಈಗ ಕಡತದ ಕಡೆಗೆ ಬರೋಣ. ನನ್ನ ಅರ್ಧ ಆಯುಷ್ಯ ಕಳೆದದ್ದು ಅಲ್ಲೇ.

ಬೆಂಗಳೂರಿನ ಹೈಕೋರ್ಟಿನಲ್ಲಿ ವಕೀಲರು ‘ಸಿಸಿಸಿ ಹಾಕುವುದು’ ಎನ್ನುತ್ತಾರೆ. ಆದೇಶ ಪಾಲಿಸದ ಅಧಿಕಾರಿಯ ಮೇಲಿನ ಸಿವಿಲ್ ನಿಂದನೆ ಅರ್ಜಿ ಅದು. 2018ರಲ್ಲಿ ಕಾನೂನು ಆಯೋಗ ತನ್ನ 274ನೇ ವರದಿಯಲ್ಲಿ ದೇಶದ ಹೈಕೋರ್ಟುಗಳ ಲೆಕ್ಕ ಕೊಟ್ಟಿತು: ಬಾಕಿ ಇರುವ ಸಿವಿಲ್ ನಿಂದನೆ ಪ್ರಕರಣಗಳು 90,000ಕ್ಕೂ ಹೆಚ್ಚು, ಕ್ರಿಮಿನಲ್ ನಿಂದನೆ ಸಾವಿರವೂ ಇಲ್ಲ. ಇಷ್ಟು ಪ್ರಕರಣಗಳಿರುವುದರಿಂದ ಕಾನೂನು ಇರಲೇಬೇಕು ಎಂದು ಆಯೋಗ ಹೇಳಿ, ಮಾತಿಗೆ ಶಿಕ್ಷೆ ಕೊಡುವ ಭಾಗವನ್ನೂ ಹಾಗೆಯೇ ಉಳಿಸಿ ಎಂದಿತು. ಸಿವಿಲ್‌ನ ರಾಶಿಯನ್ನು ತೋರಿಸಿ ಕ್ರಿಮಿನಲ್‌ಗೆ ರಕ್ಷಣೆ ಪಡೆದ ಜಾಣ್ಮೆಯನ್ನು ಮೆಚ್ಚಬೇಕು.

ಸಿವಿಲ್ ನಿಂದನೆಗೆ ಜೈಲು ಆಗುವುದೇ ಇಲ್ಲ ಎಂದಲ್ಲ. 1995ರಲ್ಲಿ ನಮ್ಮ ರಾಜ್ಯದ ನಗರಾಭಿವೃದ್ಧಿ ಇಲಾಖೆಯ ಕಾರ್ಯದರ್ಶಿಯಾಗಿದ್ದ ಐಎಎಸ್ ಅಧಿಕಾರಿಯೊಬ್ಬರಿಗೆ, ಒಬ್ಬ ಎಂಜಿನಿಯರ್ ಪರವಾಗಿ ಕೊಟ್ಟ ಆದೇಶ ಪಾಲಿಸದ್ದಕ್ಕೆ ಸುಪ್ರೀಂ ಕೋರ್ಟ್ ಒಂದು ತಿಂಗಳ ಸಜೆ ವಿಧಿಸಿತು. ವಿಧಾನಸೌಧದ ಮೊಗಸಾಲೆಗಳಲ್ಲಿ ಆ ಸುದ್ದಿ ಉಂಟುಮಾಡಿದ ನಡುಕವನ್ನು ಹಿರಿಯರು ಈಗಲೂ ಹೇಳುತ್ತಾರೆ. ಅಂಥದ್ದು ಅಪರೂಪ. ಮಾಮೂಲಿಯಾಗಿ ನಡೆಯುವುದು ಏನೆಂದು ನಾನು ಕಂಡದ್ದನ್ನೇ ಹೇಳುತ್ತೇನೆ.

ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನನ್ನ ಕಕ್ಷಿದಾರರು. ಪಿಂಚಣಿ ನಿಗದಿಯಲ್ಲಿ ತಪ್ಪಾಗಿತ್ತು. ಮೂರು ತಿಂಗಳೊಳಗೆ ಸರಿಪಡಿಸಿ, ಬಾಕಿಯನ್ನು ಬಡ್ಡಿ ಸಮೇತ ಕೊಡಿ ಎಂದು ಆದೇಶವಾಯಿತು. ಪ್ರಮಾಣೀಕೃತ ಪ್ರತಿಯನ್ನು ಅವರು ಬಟ್ಟೆಯ ಕೈಚೀಲದಲ್ಲಿ ಇಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ತೆರೆದು ಮಡಚಿ, ತೆರೆದು ಮಡಚಿ ಕಾಗದ ನಾಲ್ಕು ಮಡಿಕೆಗಳಲ್ಲೂ ಹರಿಯಿತು. ಅವರು ಅದಕ್ಕೆ ಹಿಂದಿನಿಂದ ಸೆಲ್ಲೋ ಟೇಪ್ ಅಂಟಿಸಿದರು. ಯಾರೂ ಅವರಿಗೆ ಕೆಟ್ಟ ಮಾತು ಆಡಲಿಲ್ಲ. ‘ಕಡತ ಮೇಲೆ ಹೋಗಿದೆ ಮೇಷ್ಟ್ರೇ’, ‘ಕಾನೂನು ಕೋಶದ ಅಭಿಪ್ರಾಯಕ್ಕೆ ಕಳಿಸಿದ್ದೇವೆ’, ‘ಮೇಲ್ಮನವಿ ಹಾಕುವ ಪ್ರಸ್ತಾವ ಇದೆ’. ಕುರ್ಚಿ ಕೊಟ್ಟು ಕೂರಿಸಿದವರೂ ಇದ್ದರು. ನಿಂದನೆ ಅರ್ಜಿಗೆ ಒಂದು ವರ್ಷದ ಗಡುವಿದೆ. ಅದು ಮುಗಿಯಲು ಹನ್ನೊಂದು ದಿನ ಇರುವಾಗ ನಾನು ಸಿಸಿಸಿ ಹಾಕಿದೆ.

ನೋಟಿಸ್ ಮುಟ್ಟಿದ್ದೇ ತಡ, ವರ್ಷವಿಡೀ ಕಾಣದ ಚುರುಕು ಕಂಡಿತು. ವಿಚಾರಣೆಯ ಬೆಳಿಗ್ಗೆ ಕೋರ್ಟ್ ಹಾಲಿನ ಹೊರಗೆ ಸರ್ಕಾರಿ ವಕೀಲರ ಜೊತೆ ಬಂದ ಒಬ್ಬ ವಿಷಯ ನಿರ್ವಾಹಕರು ಒಂದು ಪಾಲನಾ ಆದೇಶವನ್ನು ನನ್ನ ಕೈಗಿತ್ತರು. ದಿನಾಂಕ ಹಿಂದಿನ ದಿನದ್ದು, ಮೊಹರಿನ ನೇರಳೆ ಮಸಿ ಇನ್ನೂ ಬೆರಳಿಗೆ ಅಂಟುತ್ತಿತ್ತು. ಜೊತೆಗಿದ್ದ ಪ್ರಮಾಣಪತ್ರದ ಮೊದಲ ಸಾಲು: ‘ಈ ಘನ ನ್ಯಾಯಾಲಯದ ಬಗ್ಗೆ ನನಗೆ ಅತ್ಯುನ್ನತ ಗೌರವವಿದೆ’. ಕೊನೆಯ ಸಾಲು: ‘ಬೇಷರತ್ ಕ್ಷಮೆ ಯಾಚಿಸುತ್ತೇನೆ’. ನಡುವೆ ಹದಿನಾಲ್ಕು ತಿಂಗಳ ವಿಳಂಬಕ್ಕೆ ‘ಆಡಳಿತಾತ್ಮಕ ಕಾರಣ’ ಎಂಬ ಎರಡು ಪದ. ಪಿಂಚಣಿ ಸರಿಯಾಗಿತ್ತು, ಬಾಕಿಯ ಲೆಕ್ಕವೂ ಇತ್ತು, ಬಡ್ಡಿಯ ಸುದ್ದಿ ಇರಲಿಲ್ಲ. ಬಡ್ಡಿಯ ಮಾತೆತ್ತಿದೆ. ಅದಕ್ಕೆ ಬೇಕಾದರೆ ಬೇರೆ ಮನವಿ ಕೊಟ್ಟುಕೊಳ್ಳಿ ಎಂದು, ಆದೇಶ ಗಣನೀಯವಾಗಿ ಪಾಲನೆಯಾಗಿದೆ ಎಂದು ದಾಖಲಿಸಿ, ಕ್ಷಮೆ ಒಪ್ಪಿ, ಪ್ರಕರಣ ಮುಕ್ತಾಯ ಮಾಡಿದರು. ಎಲ್ಲ ಸೇರಿ ನಾಲ್ಕು ನಿಮಿಷ. ಅಂದು ಪಟ್ಟಿಯಲ್ಲಿ ಅಂಥ ಇನ್ನೂ ಅರವತ್ತು ಅರ್ಜಿಗಳಿದ್ದವು, ಪೀಠವನ್ನು ದೂರಿ ಏನು ಮಾಡುವುದು.

ಹೊರಗೆ ಬಂದು ಮರದ ಕೆಳಗೆ ನಿಂತೆವು. ಬಡ್ಡಿಗೆ ಮತ್ತೊಂದು ಅರ್ಜಿ ಹಾಕೋಣವೇ ಎಂದು ಕೇಳಿದೆ. ‘ಬೇಡ ಬಿಡಿ ವಕೀಲರೇ’ ಎಂದರು ಮೇಷ್ಟ್ರು. ಹಳೆಯ ಆದೇಶದ ಪ್ರತಿಯನ್ನು ಚೀಲದಿಂದ ತೆಗೆದು, ಇನ್ನು ಇದು ಬೇಕೇ ಎಂದು ನನ್ನನ್ನು ಕೇಳಿದರು. ಇಟ್ಟುಕೊಂಡಿರಿ ಎಂದೆ. ಟೇಪ್ ಅಂಟಿಸಿದ ಮಡಿಕೆಗಳ ಮೇಲೆಯೇ ಅದನ್ನು ಮತ್ತೆ ಮಡಚಿ ಒಳಗಿಟ್ಟು, ಮೆಜೆಸ್ಟಿಕ್ಕಿಗೆ ಯಾವ ಬಸ್ ಸಿಗುತ್ತದೆ ಎಂದು ವಿಚಾರಿಸಿದರು.